ಗಾಡಿ ಬಿಸಿಯಾದರೆ ಆಫ್ ಆಗುತ್ತಿದೆ, ಕ್ರ್ಯಾಂಕ್ ಸೆನ್ಸರ್ ನಾನೇ ಬದಲಿಸಬಹುದಾ?

ನಿಮ್ಮ ಏಳು ಸೀಟಿನ ಡೀಸೆಲ್ ಗಾಡಿ ಬಿಸಿಯಾದಾಗ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಕ್ರ್ಯಾಂಕ್ ಸೆನ್ಸರ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು ಅಂತ ಗ್ಯಾರೇಜಿನವರು ಅಂದಿದ್ದಾರೆ, ಅಲ್ವಾ? ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಗಾಡಿಯ ಕಂಪ್ಯೂಟರ್‌ಗೆ ತಿಳಿಸುವುದು ಈ ಸೆನ್ಸರ್, ಅದರ ಸಿಗ್ನಲ್ ನಿಂತರೆ ಎಂಜಿನ್ ಆಫ್ ಆಗುತ್ತದೆ. ಒಪ್ಪಿಕೊಳ್ಳುವ ಮೊದಲು ಒಮ್ಮೆ ಗಾಡಿ ಕೆಳಗೆ ಹೋಗಿ ನೋಡಿ. ನಮ್ಮ ಗಾಡಿಗೆ ಗೇರ್‌ಬಾಕ್ಸ್ ಮುಟ್ಟುವ ಅಗತ್ಯವೇ ಬೀಳಲಿಲ್ಲ.

ನಮಗೂ ಹೀಗೇ ಆಗಿತ್ತು. ಏಪ್ರಿಲ್ ಬಿಸಿಲು, ಹೊಸಪೇಟೆಯಿಂದ ಬಳ್ಳಾರಿಗೆ ಬರುತ್ತಿದ್ದೆವು. ಕುಡತಿನಿ ಹತ್ತಿರ ಎಂಜಿನ್ ಇದ್ದಕ್ಕಿದ್ದಂತೆ ಆಫ್. ಹಿಂದೆ ಲಾರಿಗಳ ಸಾಲು, ಒಳಗೆ ಅವ್ವ ಮತ್ತು ಇಬ್ಬರು ಮಕ್ಕಳು. ಆ ಭಯ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹಳೆಯ ಮಾದರಿಯ ಸೆನ್ಸರ್ ಒಳಗೆ ಸಣ್ಣ ತಾಮ್ರದ ಸುರುಳಿ ಇರುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಬಿಸಿಗೆ ಹಿಗ್ಗಿ ಸಂಪರ್ಕ ಕಡಿಯುತ್ತದೆ, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗಿ ತಣ್ಣಗಿರುವಾಗ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಗಾಡಿ ನಿಂತ ಕೂಡಲೇ ಸೆಲ್ಫ್ ಹೊಡೆದು, ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸಿ ದೋಷ ನೋಡುವ ಸಾಧನ) ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಅನುಮಾನ ಸರಿ. ಸ್ಕ್ಯಾನರ್‌ನಲ್ಲಿ ಪಿ0335, ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್‌ನ ದೋಷದ ಕೋಡ್, ಬಂದ ಮಾತ್ರಕ್ಕೆ ಸೆನ್ಸರ್ ತರಬೇಡಿ. ವೈರ್ ತುಂಡಾಗಿದ್ದರೂ ಅದೇ ಕೋಡ್ ಬರುತ್ತದೆ. ನಮ್ಮ ಕಡೆಯ ಕೆಂಪು ಧೂಳು ಕನೆಕ್ಟರ್ ಒಳಗೂ ಹೊಕ್ಕಿರುತ್ತದೆ, ಮೊದಲು ಅದನ್ನು ಬಿಚ್ಚಿ ಸ್ವಚ್ಛ ಮಾಡಿ.

ನಮ್ಮದರಲ್ಲಿ ಸೆನ್ಸರ್ ಇದ್ದದ್ದು ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ, ಸ್ಟಾರ್ಟರ್ ಮೋಟಾರ್ ಪಕ್ಕ. ಮೇಲಿಂದ ಕಾಣುವುದೇ ಇಲ್ಲ. ಮೊಬೈಲ್‌ನ ಟಾರ್ಚ್ ಹಾಕಿ, ಕೈ ಒಳಗೆ ಚಾಚಿ ವಿಡಿಯೋ ತೆಗೆದೆ, ಆಗ ಜಾಗ ಸಿಕ್ಕಿತು. ಬ್ಯಾಟರಿಯ ಮೈನಸ್ ಬಿಚ್ಚದೆ ಕೈ ಹಾಕಲೇಬೇಡಿ. ಸ್ಟಾರ್ಟರ್‌ನ ದಪ್ಪ ಕೇಬಲ್‌ನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ, ಪಾನಾ ತಾಗಿದರೆ ಕಿಡಿ ಹಾರುತ್ತದೆ. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ.

ಇದ್ದದ್ದು ಒಂದೇ 10 ನಂಬರ್ ಬೋಲ್ಟ್. ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಎರಡು ನಿಮಿಷದಲ್ಲಿ ಬಂತು. ಸೆನ್ಸರ್ ಮಾತ್ರ ಬರಲಿಲ್ಲ. ಇಲ್ಲೇ ಜಾಸ್ತಿ ಜನ ಕೆಡಿಸಿಕೊಳ್ಳುತ್ತಾರೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಪ್ಲಾಸ್ಟಿಕ್ ಮುರಿದು ತುದಿ ಒಳಗೇ ಉಳಿಯುತ್ತದೆ, ಆಮೇಲೆ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾದೀತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಗಂಟೆ ಬಿಟ್ಟೆ. ಆಮೇಲೆ ಬೆರಳಿನಿಂದ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತಿರುವುತ್ತಾ ಎಳೆದೆ. ಬಂತು. ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಕಂಬಳಿ ಹುಳದ ರೋಮದ ಹಾಗೆ ಎದ್ದು ನಿಂತಿತ್ತು.

ಹೊಸದನ್ನು ಕೂರಿಸುವ ಮೊದಲು ತೂತಿನ ಬಾಯಿ ಒರೆಸಿ, ಸೆನ್ಸರ್‌ನ ಓ ರಿಂಗ್‌ಗೆ (ರಬ್ಬರ್ ಉಂಗುರಕ್ಕೆ) ಒಂದು ಹನಿ ಎಂಜಿನ್ ಆಯಿಲ್ ಸವರಿ. ಕೈಯಿಂದಲೇ ಪೂರ್ತಿ ಒಳಗೆ ಕೂರಬೇಕು, ಬೋಲ್ಟ್ ಬಿಗಿದು ಅದನ್ನು ಒಳಗೆ ಎಳೆಸಬೇಡಿ. ವೈರ್ ಸೈಲೆನ್ಸರ್ ಪೈಪಿಗೆ ತಾಗದಂತೆ ಮೊದಲಿನ ಕ್ಲಿಪ್‌ಗೇ ಸಿಕ್ಕಿಸಿ.

ಓಣಿಯಲ್ಲಿ ಒಂದು ಸುತ್ತು ಹಾಕಿ ಸರಿಯಾಯಿತು ಅಂದುಕೊಳ್ಳಬೇಡಿ. ನಾನು ಮಧ್ಯಾಹ್ನ ಎರಡು ಗಂಟೆಗೆ ಎಸಿ ಹಾಕಿಕೊಂಡು, ಒಬ್ಬನೇ ತೋರಣಗಲ್ಲಿನವರೆಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ. ಅವ್ವನನ್ನು ಕೂರಿಸಿಕೊಂಡು ಹೋಗಿದ್ದು ಅದಾದ ಮೇಲೆಯೇ.