ಫ್ರೆಂಚ್‌ನ ಫ್ಯೂತ್ಯೂರ್ ಪ್ರೋಶ್‌ಗೆ ಪ್ರತಿ ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡಬೇಕಾ?

ಬೇಡ, ಖಂಡಿತ ಬೇಡ. ಪಾರ್ಲೆ (ಮಾತಾಡು), ಫಿನೀರ್ (ಮುಗಿಸು), ಪ್ರಾಂದ್ರ್ (ತೆಗೆದುಕೊ) ಎಂದು ಒಂದೊಂದಕ್ಕೂ ಬೇರೆ ಬೇರೆ ರೂಪ ಕಲಿಯಬೇಕಾ ಎಂದು ಕೇಳಿದ್ದೀರಿ. ಫ್ಯೂತ್ಯೂರ್ ಪ್ರೋಶ್ ಅಂದರೆ ಮುಂದೆ ಆಗುವುದನ್ನು ಹೇಳುವ ಒಂದು ಕಾಲ, ಇದರಲ್ಲಿ ಆ ಕಷ್ಟವೇ ಇಲ್ಲ. ಬದಲಾಗುವುದು ಆಲೆ, ಅಂದರೆ ಹೋಗು ಎನ್ನುವ ಕ್ರಿಯಾಪದ ಮಾತ್ರ, ಅದೂ ವರ್ತಮಾನ ಕಾಲದಲ್ಲಿ. ಅದರ ನಂತರ ನಿಮಗೆ ಬೇಕಾದ ಕ್ರಿಯಾಪದ ಡಿಕ್ಷನರಿಯಲ್ಲಿ ಇರುವ ಹಾಗೇ ಬಂದು ಕೂರುತ್ತದೆ.

ಆಲೆಯ ರೂಪಗಳು ಹೀಗಿವೆ: ಝ ವೆ (ನಾನು), ತ್ಯು ವಾ (ನೀನು), ಇಲ್ ವಾ (ಅವನು; ಎಲ್, ಓಂ ಇದ್ದರೂ ವಾ ಅಷ್ಟೇ), ನೂ ಜಾಲೋಂ (ನಾವು), ವೂ ಜಾಲೆ (ನೀವು), ಇಲ್ ವೋಂ (ಅವರು). ನೂ, ವೂ ಆದ ಮೇಲೆ ಕೇಳುವ ಆ 'ಜ' ಸದ್ದು ಕ್ರಿಯಾಪದದ್ದಲ್ಲ, ಹಿಂದಿನ ಪದದ ಕೊನೆಯ ಎಸ್ ಸ್ವರದ ಎದುರು ಬಾಯಿಬಿಟ್ಟಿದ್ದು. ಇಷ್ಟು ಬಂದರೆ ಝ ವೆ ಪಾರ್ಲೆ, ನೂ ಜಾಲೋಂ ಫಿನೀರ್, ಇಲ್ ವೋಂ ಪ್ರಾಂದ್ರ್ ಎಲ್ಲ ತಾನಾಗಿ ಬರುತ್ತವೆ. ಎತ್ರ್ (ಇರು), ಆವ್ವಾರ್ (ಹೊಂದಿರು) ಥರದ ತಲೆಹರಟೆ ಕ್ರಿಯಾಪದಗಳೂ ಇಲ್ಲಿ ಸುಮ್ನೆ ಇರುತ್ತವೆ, ಇನ್ನೊಂದು ಭವಿಷ್ಯತ್ ಕಾಲವಾದ ಫ್ಯೂತ್ಯೂರ್ ಸಾಂಪ್ಲ್‌ನಲ್ಲಾದರೆ ಅವುಗಳ ಬುಡವೇ ಬದಲಾಗುತ್ತದೆ. ಅದಕ್ಕೇ ಹೊಸಬರು ಮೊದಲು ಇದನ್ನೇ ಹಿಡಿಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಜನ ತಪ್ಪು ಮಾಡುವುದು ಈ ಪಟ್ಟಿಯಲ್ಲಿ ಅಲ್ಲ, ನಡುವೆ ಇನ್ನೇನಾದರೂ ತುರುಕಬೇಕಾದಾಗ. ಇಲ್ಲ ಎನ್ನಬೇಕಾದರೆ ನ ಮತ್ತು ಪಾ ಎರಡೂ ಆಲೆಯನ್ನು ಮಾತ್ರ ಸುತ್ತುತ್ತವೆ: ಝ ನ ವೆ ಪಾ ಪಾರ್ತೀರ್, ನಾನು ಹೊರಡುವುದಿಲ್ಲ. ಕನ್ನಡದಲ್ಲಿ 'ಇಲ್ಲ' ಕೊನೆಗೆ ಬರುತ್ತದೆ ಅಲ್ವಾ, ಆ ಅಭ್ಯಾಸಕ್ಕೆ ಪಾ ಕೂಡ ಕೊನೆಗೆ ಹೋಗಿಬಿಡುತ್ತದೆ, ಝ ವೆ ಪಾರ್ತೀರ್ ಪಾ ಎಂದು. ಅದು ತಪ್ಪು. ಮಾತಿನಲ್ಲಿ ಫ್ರೆಂಚರು ನ ಬಿಟ್ಟು ಝ ವೆ ಪಾ ಪಾರ್ತೀರ್ ಎನ್ನುತ್ತಾರೆ, ಪರೀಕ್ಷೆಯಲ್ಲಿ ಮಾತ್ರ ಬಿಡಬೇಡಿ.

'ಅದನ್ನು', 'ಅವಳಿಗೆ' ಥರದ ಸರ್ವನಾಮಗಳಿಗೆ ಜಾಗ ಬೇರೆ. ಅವು ಆಲೆಗಿಂತ ಮೊದಲು ಬರುವುದಿಲ್ಲ, ಎರಡನೇ ಕ್ರಿಯಾಪದಕ್ಕೆ ಅಂಟಿಕೊಂಡು ಅದಕ್ಕಿಂತ ಮೊದಲು ಬರುತ್ತವೆ. ಅದನ್ನು ಮಾಡುತ್ತೇನೆ ಎನ್ನಲು ಝ ವೆ ಲ ಫೆರ್ ಸರಿ, ಝ ಲ ವೆ ಫೆರ್ ಅಲ್ಲ. ಎದ್ದೇಳು ಎನ್ನುವ ಸ ಲವೆಯಲ್ಲಿ ಇನ್ನೊಂದು ತೊಡಕು ಇದೆ. ಮೂಲ ರೂಪ ಬದಲಾಗುವುದಿಲ್ಲ ಎಂದೆನಲ್ಲ, ಅದನ್ನು ನಂಬಿ ಝ ವೆ ಸ ಲವೆ ಎಂದು ಬರೆದುಬಿಡುತ್ತಾರೆ. ಲವೆ ಬದಲಾಗುವುದಿಲ್ಲ ನಿಜ, ಆದರೆ ಆ ಸ ಕರ್ತೃವಿಗೆ ಹೊಂದಬೇಕು: ಝ ವೆ ಮ ಲವೆ, ತ್ಯು ವಾ ತ ಲವೆ, ನೂ ಜಾಲೋಂ ನೂ ಲವೆ. ಇದನ್ನು ಬಾಯಲ್ಲಿ ಹತ್ತಾರು ಸಲ ಹೇಳಿ ರೂಢಿ ಮಾಡಿಕೊಳ್ಳಿ, ಕಣ್ಣಲ್ಲಿ ಓದಿದರೆ ಉಳಿಯುವುದಿಲ್ಲ.

ಬರೆಯುವಾಗ ಇನ್ನೊಂದು ಕಾಟ. ಮಾಂಝೆ (ತಿನ್ನು) ಎನ್ನುವುದು ಕಿವಿಗೆ ಒಂದೇ ಥರ ಕೇಳುತ್ತದೆ, ಕೊನೆಗೆ ಇ ಆರ್ ಇದ್ದರೂ, ಗೀಟು ಹಾಕಿದ ಇ ಇದ್ದರೂ. ಎರಡನೆಯದು ತಿಂದ, ತಿಂದಿರುವ ಎನ್ನುವ ಭೂತಕಾಲದ ರೂಪ. ಆಲೆಯ ನಂತರ ಇಂಥ ಕ್ರಿಯಾಪದಕ್ಕೆ ಯಾವಾಗಲೂ ಇ ಆರ್. ಇದರಲ್ಲಿ ಫ್ರೆಂಚ್ ಮಕ್ಕಳೇ ಎಡವುತ್ತಾರೆ. ಅವರಿಗೆ ಹೇಳಿಕೊಡುವ ಉಪಾಯ ನಿಮಗೂ ಆಗುತ್ತದೆ: ಅನುಮಾನ ಬಂದರೆ ಆ ಜಾಗದಲ್ಲಿ ಪ್ರಾಂದ್ರ್ ಇಟ್ಟು ನೋಡಿ. ಝ ವೆ ಪ್ರಾಂದ್ರ್ ಕಿವಿಗೆ ಸರಿ ಕೇಳುತ್ತದೆ, ಅದರ ಭೂತಕಾಲದ ರೂಪ ಪ್ರಿ ಹಾಕಿ ಝ ವೆ ಪ್ರಿ ಎಂದರೆ ಸರಿ ಕೇಳುವುದಿಲ್ಲ. ಹಾಗಾದರೆ ಇ ಆರ್ ಬರೆಯಿರಿ.

ಆಲೆಯ ನಂತರ ಕ್ರಿಯಾಪದ ಇಲ್ಲದೆ ಜಾಗದ ಹೆಸರು ಬಂದರೆ ಅದು ಈ ಕಾಲವೇ ಅಲ್ಲ, ನಿಜವಾಗಿ ಹೋಗುವುದು. ಝ ವೆ ಆಲೆ ಎಂದು ಎರಡು ಸಲ ಹೇಳುವುದೂ ಸರಿಯೇ. ಇಲ್ಯಾ, ಅಂದರೆ 'ಇದೆ', ಎನ್ನುವುದು ಮಾತ್ರ ಇಲ್ ವಾ ಯಾವ್ವಾರ್ ಆಗುತ್ತದೆ. ಇದನ್ನು ಹಾಗೇ ನೆನಪಿಟ್ಟುಕೊಳ್ಳಿ.

ಪ್ರೋಶ್ ಎಂದರೆ ಹತ್ತಿರ, ಹಾಗಾಗಿ ನಾಳೆವರೆಗೆ ಇದು, ಆಮೇಲೆ ಸಾಂಪ್ಲ್ ಎಂದು ಕೆಲವರು ಹೇಳಿಕೊಡುತ್ತಾರೆ. ಅದನ್ನು ಜಾಸ್ತಿ ನಂಬಬೇಡಿ. 10 ವರ್ಷ ಆದ ಮೇಲಿನ ವಿಷಯಕ್ಕೂ ಮಾತಿನಲ್ಲಿ ಇದನ್ನು ಬಳಸುತ್ತಾರೆ. ಮುಖ್ಯ ಏನೆಂದರೆ, ಮುಂದಾಗುವುದಕ್ಕೆ ಈಗಲೇ ಗುರುತು ಇದೆಯಾ ಎನ್ನುವುದು. ಮೋಡ ಕವಿದಿದ್ದರೆ ಇಲ್ ವಾ ಪ್ಲವ್ವಾರ್ (ಮಳೆ ಬರುತ್ತದೆ). ಯಾರೋ ಜಾರುವುದರಲ್ಲಿದ್ದರೆ ತ್ಯು ವಾ ತೋಂಬೆ (ಬೀಳುತ್ತೀಯ), ಅಲ್ಲಿ ಸಾಂಪ್ಲ್ ಹೇಳಿದರೆ ಭವಿಷ್ಯ ನುಡಿದ ಹಾಗೆ ಇರುತ್ತದೆ. ಎಲ್ ವಾ ಆವ್ವಾರ್ ಅಂ ಬೆಬೆ ಎಂದರೆ ಅವಳು ಈಗಾಗಲೇ ಬಸುರಿ ಎಂದು ಕೇಳಿದವರಿಗೆ ಅನ್ನಿಸುತ್ತದೆ, ಎಲ್ ಓರಾ ಅಂ ಬೆಬೆ ಎಂದರೆ ಮುಂದೆ ಯಾವಾಗಲೋ ಮಗು ಆಗುತ್ತದೆ ಎಂದಷ್ಟೇ. ಇನ್ನು 'ನೀನು ಬಂದಾಗ' ಎನ್ನುವ ಥರದ ಮಾತಿನಲ್ಲಿ, ಕಾಂ ಎನ್ನುವ ಪದದ ನಂತರ, ಸಾಮಾನ್ಯವಾಗಿ ಸಾಂಪ್ಲ್ ಬರುತ್ತದೆ: ಕಾಂ ತ್ಯು ಆರಿವರಾ.

ಟೆಸ್ಟ್ ಹತ್ತಿರ ಇದ್ದರೆ ಆಲೆಯ ಆರು ರೂಪ ಒಂದು ಸಲ ಬರೆದು, ಉಳಿದ ಸಮಯವನ್ನು ನ-ಪಾ ವಾಕ್ಯಗಳಿಗೆ ಮತ್ತು ಮ ಲವೆ, ತ ಲವೆಗೆ ಕೊಡಿ. ಅಂಕ ಕಳೆಯುವುದು ಅಲ್ಲೇ.