ಜೇನಿಗೆ ಕೊಡುವ ಸಕ್ಕರೆ ಪಾಕಕ್ಕೆ ಆ್ಯಂಟಿಬಯೋಟಿಕ್ ಬೆರೆಸಬಹುದೇ?

ಪ್ರಶ್ನೆ: ನಮ್ಮಲ್ಲಿ ಎಂಟು ತುಡುವೆ ಜೇನು ಪೆಟ್ಟಿಗೆಗಳಿವೆ. ಮಳೆಗಾಲದ ಸಕ್ಕರೆ ಪಾಕಕ್ಕೆ ಸ್ವಲ್ಪ ಆ್ಯಂಟಿಬಯೋಟಿಕ್ ಪುಡಿ ಬೆರೆಸಿದರೆ ರೋಗ ಬರುವುದಿಲ್ಲ ಎಂದು ಪರಿಚಯದವರು ಹೇಳುತ್ತಾರೆ. ಜೇನುಹುಳದ ಹೊಟ್ಟೆಯಲ್ಲೇ ರೋಗಾಣು ತಡೆಯುವ ಬ್ಯಾಕ್ಟೀರಿಯಾ ಇವೆ ಎಂದೂ ಓದಿದ್ದೇನೆ. ಯಾವುದನ್ನು ನಂಬಲಿ?
– ಓದುಗರು, ಶಿರಸಿ

ಉತ್ತರ: ದಯವಿಟ್ಟು ಬೆರೆಸಬೇಡಿ. ನೀವು ಓದಿದ್ದು ನಿಜ. ಆ ಪುಡಿಯ ಏಟು ಬೀಳುವುದು ಆ ಒಳ್ಳೆಯ ಬ್ಯಾಕ್ಟೀರಿಯಾಗಳ ಮೇಲೂ.

ಕೋಶದಿಂದ ಆಗಷ್ಟೇ ಹೊರಬಂದ ಹುಳದ ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದೇ ಹೇಳಬಹುದು. ಮೊದಲ ಕೆಲವು ದಿನ ಗೂಡಿನ ಮೇಣದ ಎರಿಯ ಮೇಲೆ ಓಡಾಡುತ್ತಾ, ದೊಡ್ಡ ಹುಳಗಳ ಒಡನಾಟದಲ್ಲಿ ಅದು ಅವನ್ನು ಪಡೆಯುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಸ್ನೋಡ್‌ಗ್ರಾಸೆಲ್ಲಾ ಎಂಬುದು ಕರುಳಿನ ಒಳಗೋಡೆಗೆ ಪದರವಾಗಿ ಅಂಟಿಕೊಳ್ಳುತ್ತದೆ. ಗಿಲಿಯಾಮೆಲ್ಲಾ ಪರಾಗದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಒಡೆಯುತ್ತದೆ. ಮೊಸರಿನ ಬ್ಯಾಕ್ಟೀರಿಯಾದ ನೆಂಟರಾದ ಲ್ಯಾಕ್ಟೋಬ್ಯಾಸಿಲಸ್‌ಗಳು ಹುಳಿ ಬಿಡುತ್ತವೆ. ಜಾಗವೂ ಭರ್ತಿ, ಹುಳಿಯೂ ಜಾಸ್ತಿ. ಹೊರಗಿನ ರೋಗಾಣುವಿಗೆ ಅಲ್ಲಿ ನೆಲೆ ಸಿಗುವುದು ಕಷ್ಟ, ಅಲ್ವಾ?

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಮಕರಂದ ತುಂಬಿಕೊಂಡು ತರುವ ಹುಳದ ಜೇನುಚೀಲದಲ್ಲಿ ಇಂಥ 13 ಬಗೆಯ ಬ್ಯಾಕ್ಟೀರಿಯಾ ಗುರುತಿಸಿದ್ದಾರೆ. ಮರಿಗಳನ್ನು ಕೊಳೆಸುವ ರೋಗಾಣುಗಳನ್ನು ಅವು ಪ್ರಯೋಗಾಲಯದಲ್ಲಿ ತಡೆದಿವೆ. ಮನುಷ್ಯರ ಗಾಯದಲ್ಲಿ ಸಿಗುವ ಕೆಲವು ರೋಗಾಣುಗಳನ್ನೂ ತಡೆದಿವೆ. ಇದು ದೊಡ್ಡ ಭರವಸೆ, ಆದರೆ ಗಾಜಿನ ತಟ್ಟೆಯಲ್ಲಿ ಗೆದ್ದದ್ದೆಲ್ಲ ಔಷಧಿಯಾಗುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, 2017ರಲ್ಲಿ. ಅಲ್ಲಿ ಯುರೋಪಿಯನ್ ಜೇನುಹುಳಗಳಿಗೆ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ತಿನ್ನಿಸಿ ಗೂಡಿಗೆ ಬಿಟ್ಟರು. ಮೂರು ದಿನದ ನಂತರ, ಔಷಧಿ ತಿನ್ನದ ಹುಳಗಳಲ್ಲಿ ಸುಮಾರು ಮೂರನೇ ಎರಡು ಪಾಲು ಗೂಡಿನಲ್ಲಿದ್ದವು. ತಿಂದವುಗಳಲ್ಲಿ ಉಳಿದದ್ದು ಮೂರನೇ ಒಂದು ಪಾಲು. ಕರುಳಿನ ಬ್ಯಾಕ್ಟೀರಿಯಾ ಕಡಿಮೆಯಾಗಿ, ಸೆರಾಶಿಯಾ ಎಂಬ ರೋಗಾಣುವಿಗೆ ಅವು ಬೇಗ ಬಲಿಯಾದವು.

ಇನ್ನೊಂದು ಮಾತು. 1990ರ ದಶಕದ ಶುರುವಿನಲ್ಲಿ ನಮ್ಮ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗ ಬರುವುದು ವೈರಸ್‌ನಿಂದ. ಆ್ಯಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ಸುಮ್ನೆ ಹಾಕಿದರೆ ಹುಳಕ್ಕೆ ನಷ್ಟ, ಜೇನುತುಪ್ಪದಲ್ಲೂ ಔಷಧಿಯ ಅಂಶ ಉಳಿಯಬಹುದು.

ತುಪ್ಪ ತೆಗೆಯುವಾಗ ಮಳೆಗಾಲಕ್ಕೆ ಸಾಕಾಗುವಷ್ಟು ಹುಳಕ್ಕೇ ಬಿಡಿ. ಕಪ್ಪಾದ ಹಳೆ ಎರಿ ಬದಲಿಸಿ. ಮರಿ ನೀರು ತುಂಬಿದ ಚೀಲದಂತೆ ಕಂಡರೆ ಅಥವಾ ಹುಳಿ ವಾಸನೆ ಬಂದರೆ ಆ ಪೆಟ್ಟಿಗೆಯ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ. ತೋಟಗಾರಿಕೆ ಇಲಾಖೆಯ ಜೇನುಕೃಷಿ ವಿಭಾಗದವರಿಗೆ ತೋರಿಸಿ.