ಹಿಂದಿನ ಸೀಟಿನ ಕಡೆಯಿಂದ ಒಂದು ಉತ್ತರ

ಹೆಂಡತಿಯೊಂದಿಗೆ ಕಾಡು, ಹಳ್ಳಿಗಾಡುಗಳ ನಡುವೆ ವಾರಗಟ್ಟಲೆ ಬೈಕಿನಲ್ಲಿ ಸುತ್ತಬೇಕು, ಎಷ್ಟು ಸಿಸಿ ಬೇಕು, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು ಎಂದು ಕೇಳಿದ್ದೀರಿ. ಎಂಜಿನ್ ಬಗ್ಗೆ ಇಷ್ಟೆಲ್ಲ ವಿಚಾರಿಸಿದ ನೀವು ಹಿಂದೆ ಕೂರುವವರ ಬಗ್ಗೆ ಒಂದು ಮಾತೂ ಎತ್ತಿಲ್ಲ. ನಾನು ವರ್ಷಗಳಿಂದ ಆ ಸೀಟಿನಲ್ಲೇ ಕೂತು ತಿರುಗಿದವಳು, ಅಲ್ಲಿಂದಲೇ ಉತ್ತರಿಸುತ್ತೇನೆ.

ದಿನದ ದೂರವನ್ನು ತೀರ್ಮಾನಿಸಬೇಕಾದವರು ನೀವಲ್ಲ, ಅವರು. ಓಡಿಸುವವರಿಗೆ ಹಿಡಿದುಕೊಳ್ಳಲು ಹ್ಯಾಂಡಲ್ ಇದೆ, ಮುಂದಿನ ಗುಂಡಿ ಕಾಣುತ್ತದೆ, ಮೈ ಮೊದಲೇ ಸಜ್ಜಾಗುತ್ತದೆ. ಹಿಂದಿನವರಿಗೆ ಗುಂಡಿ ಗೊತ್ತಾಗುವುದು ಬೆನ್ನುಮೂಳೆಗೆ ಪೆಟ್ಟು ಬಿದ್ದ ಮೇಲೆ. ಹೆದ್ದಾರಿಯಲ್ಲಿ 400 ಕಿಲೋಮೀಟರ್ ಹೇಗೋ ಸಾಗಬಹುದು; ಕಾಡಿನ ತಿರುವು, ಹಳ್ಳಿಯ ಕಿರುದಾರಿಗಳಲ್ಲಿ 200 ದಾಟಿದ ಮೇಲೆ ನೋಟವೂ ರುಚಿಸುವುದಿಲ್ಲ, ಗಂಡನ ಮಾತೂ ರುಚಿಸುವುದಿಲ್ಲ. ಗಂಟೆಗೊಮ್ಮೆಯಾದರೂ ನಿಲ್ಲಿಸಿ, ಇಬ್ಬರೂ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಅವರಾಗಿ ಕೇಳಲಿ ಎಂದು ಕಾಯಬೇಡಿ.

ಸಿಸಿ ಲೆಕ್ಕ ಆಮೇಲೆ. ಇಬ್ಬರ ತೂಕ, ಸಾಮಾನು ಎಲ್ಲ ಸೇರಿ ಬೈಕಿನ ಹಿಂಭಾಗ ತಗ್ಗುತ್ತದೆ. ಆಗ ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ಕೊಂಬೆ ಬೆಳಗುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಹಿಂದಿನ ಸ್ಪ್ರಿಂಗಿನ ಬಿಗಿ ಹೆಚ್ಚಿಸಿಕೊಳ್ಳಿ. ಇಬ್ಬರು ಕೂರುವುದಾದರೆ ಎಷ್ಟು ಗಾಳಿ ಇರಬೇಕೆಂದು ಬೈಕಿನ ಕೈಪಿಡಿಯಲ್ಲೇ ಇರುತ್ತದೆ. ಟೈರ್ ತಣ್ಣಗಿರುವಾಗ ತುಂಬಿಸಿ. ಭಾರದ ವಸ್ತುಗಳು ಪಕ್ಕದ ಚೀಲಗಳ ತಳಕ್ಕೆ ಹೋಗಲಿ. ಎಲ್ಲವನ್ನೂ ಹಿಂದಿನ ಪೆಟ್ಟಿಗೆಗೆ ತುರುಕಿದರೆ ತಿರುವಿನಲ್ಲಿ ಬೈಕು ತೂಗಾಡುತ್ತದೆ.

ತಿರುವಿನಲ್ಲಿ ಹಿಂದಿನವರು ಹೆದರಿ ಎದುರು ಬದಿಗೆ ವಾಲಿದರೆ ಬೈಕು ನೀವು ಹೇಳಿದಂತೆ ಕೇಳುವುದಿಲ್ಲ. ನನಗೆ ಒಗ್ಗಿದ ಉಪಾಯ ಸರಳ: ರಸ್ತೆ ಎಡಕ್ಕೆ ಹೊರಳಿದರೆ ಓಡಿಸುವವರ ಎಡಭುಜದ ಮೇಲಿಂದ ನೋಡುತ್ತೇನೆ, ಬಲಕ್ಕಾದರೆ ಬಲಭುಜದ ಮೇಲಿಂದ. ಮೈ ತಾನಾಗಿ ಅತ್ತ ಸರಿಯುತ್ತದೆ. ಬ್ರೇಕ್ ಮಾತ್ರ ನಿಮ್ಮ ಹೊಣೆ. ಹಿಂದಿನ ಹೆಲ್ಮೆಟ್ ನಿಮ್ಮದಕ್ಕೆ ಟಕ್ಕೆಂದು ಬಡಿದರೆ, ತಡವಾಗಿ, ಜೋರಾಗಿ ಹಿಡಿದಿರಿ ಎಂದು ತಿಳಿಯಿರಿ.

ಕಾಡಿನಲ್ಲಿ ಬಿಸಿಲಿನಿಂದ ದಟ್ಟ ನೆರಳಿಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳಲು ಕ್ಷಣ ಬೇಕು, ಒದ್ದೆ ಎಲೆ ಬಿದ್ದಿರುವುದೂ ಅಂಥ ನೆರಳಿನಲ್ಲೇ. ಅಲ್ಲಿಗೆ ಹೊಗುವ ಮೊದಲೇ ವೇಗ ಇಳಿಸಿ. ಹಳ್ಳಿಯ ಕಡೆ ಟ್ರ್ಯಾಕ್ಟರ್ ಗದ್ದೆಯಿಂದ ತಂದು ರಸ್ತೆಗೆ ಚೆಲ್ಲಿದ ಕೆಸರು ಅಷ್ಟೇ ಜಾರುತ್ತದೆ. ಒಂದು ಜಿಂಕೆ ದಾಟಿತೆಂದು ಆಕ್ಸಿಲರೇಟರ್ ತಿರುಗಿಸಬೇಡಿ, ಹಿಂದೆ ಇನ್ನೊಂದು ಇರುತ್ತದೆ. ಪ್ರಾಣಿಗಳು ಹೆಚ್ಚಾಗಿ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ಕಾಡಿನೊಳಗೆ ಇರದಂತೆ ಯೋಜಿಸಿ.

ಮಾತಾಡಲು ಇಂಟರ್‌ಕಾಮ್ ಬೇಕೇ? ನಾವು ಕೊಂಡು ಮೂಲೆಗಿಟ್ಟಿದ್ದೇವೆ. ದಿನವಿಡೀ ಕಿವಿಯೊಳಗೆ ದಾರಿಯ ವ್ಯಾಖ್ಯಾನ ಕೇಳುವಷ್ಟು ಪ್ರೀತಿ ನನಗಿಲ್ಲ. ಭುಜಕ್ಕೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಹತ್ತುವಾಗ, ಇಳಿಯುವಾಗಲೂ ತಟ್ಟಿದ ಮೇಲೆಯೇ.

ಹೊರಡುವ ಮುಂಚಿನ ಯಾವುದಾದರೂ ಭಾನುವಾರ, ಅಷ್ಟೂ ಸಾಮಾನು ಹೇರಿಕೊಂಡು ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಕೆಟ್ಟ ರಸ್ತೆಯಲ್ಲೇ ಓಡಾಡಿ ಬನ್ನಿ. ಮರುದಿನ ಅವರಿಗೆ ಎಲ್ಲಿ ನೋಯುತ್ತದೆ ಎಂದು ಕೇಳಿ. ಸೀಟು ಬದಲಿಸಬೇಕೋ, ದಿನದ ದೂರ ಇಳಿಸಬೇಕೋ ಎಂಬುದು ಅಲ್ಲೇ ಗೊತ್ತಾಗುತ್ತದೆ.